ಗಂಟು ಕಟ್ಟದ ಬದನೆ

ಪೈಚಾರು, ಸುಳ್ಯ
೧೨ ಸೆಪ್ಟೆಂಬರ್ ೨೦೨೪

ಸೀತು,

ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯಂತೆ, ಮಗಳು ಭವಿತಾ ಹೇಳಿದಳು. ಅವಳ ಫೋನಿನಿಂದ ಮಾಡಿದರೆ ನನ್ನ ಸ್ವರ ಕೇಳಿದ ಕೂಡಲೇ ಕಟ್ ಮಾಡಿದೆ. ಇರಲಿ. ಅಂಚೆಯವನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲವಲ್ಲ, ಹಾಗಾಗಿ ಕಾಗದ. ಹರಿಯುವುದಾದರೆ ಓದಿದ ಮೇಲೆ ಹರಿ.

ಬದನೆ ಬೀಜ ಬಿತ್ತುವ ಹೊತ್ತು ಬಂತು. ಮೊನ್ನೆ ಅಟ್ಟದಿಂದ ಬೀಜದ ಕುಡಿಕೆ ಇಳಿಸಿದೆ. ಪ್ರತಿ ವರ್ಷ ಇಳಿಸುವಾಗ ಒಂದು ಖುಷಿ ಇರುತ್ತಿತ್ತು, ಈ ಸಲ ಕೈ ಹಾಕಲೇ ಮನಸ್ಸಾಗಲಿಲ್ಲ. ಫೆಬ್ರವರಿಯಲ್ಲಿ ಕುಂಬ್ರದ ನಿಮ್ಮ ಸಂಘದ ಮೀಟಿಂಗಿನಲ್ಲಿ ಅಷ್ಟು ಹೆಂಗಸರ ಎದುರು, "ಒಳ್ಳೆ ಬೀಜ ತನಗೆ ಇಟ್ಟುಕೊಂಡು ಜೊಳ್ಳು ನಮಗೆ ದಾಟಿಸಿದ್ದಾಳೆ, ಕಳ್ಳಿ ಅವಳು" ಎಂದೆಯಲ್ಲ? ನಾನು ಮಿಡಿ ಉಪ್ಪಿನಕಾಯಿಯ ಭರಣಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಬಾರದೆ ವಾಪಸು ಬಸ್ಸು ಹತ್ತಿದೆ. ಆ ಮಾತು ಈಗ ಬೀಜದ ಕುಡಿಕೆಯೊಳಗೆ ಹೋಗಿ ಕೂತಿದೆ.

ನಾವು ಗೆಳತಿಯರಾದದ್ದು ಪುತ್ತೂರಿನ ಹೆರಿಗೆ ವಾರ್ಡಿನಲ್ಲಿ, ಅಕ್ಕಪಕ್ಕದ ಮಂಚದಲ್ಲಿ. ನಿನ್ನ ಸಂಪ್ರೀತ್, ನನ್ನ ಭವಿತಾ ಒಂದೇ ಬೆಳಗ್ಗೆ ಹುಟ್ಟಿದರು. ನನಗೆ ಹಾಲು ಇಳಿಯಲಿಲ್ಲ ಎಂದು ನನ್ನ ಮಗಳನ್ನೂ ಎದೆಗೆ ಹಾಕಿಕೊಂಡವಳು ನೀನು. ಅಂಥ ನಿನಗೆ ನಾನು ಜೊಳ್ಳು ಬೀಜ ಕೊಡುತ್ತೇನಾ ಸೀತು? ಹೇಗೆ ಬಾಯಿ ಬಂತು ನಿನಗೆ?

ಆ ಬೀಜ ನನ್ನ ಅವ್ವನದು. ನೆಟ್ಟಣದ ನನ್ನ ತವರಿನ ಮಣ್ಣಿನಲ್ಲಿ ಟೊಮೆಟೊ ಹಾಕಿದರೆ ಬೇರಿನಲ್ಲಿ ಗಂಟು, ಹಾಗಲ ಹಾಕಿದರೆ ಗಂಟು, ಪೇಟೆಯಿಂದ ತಂದ ಬದನೆಗೂ ಗಂಟು. ಗಿಡ ಬಾಡಿ ಸಾಯುವುದೇ. ಅವ್ವನ ಬದನೆಯನ್ನು ಮಾತ್ರ ಕಿತ್ತು ತೊಳೆದರೆ ಬೇರು ಬೆಳ್ಳಗೆ, ನೂಲಿನ ಹಾಗೆ. "ಮಣ್ಣಿನ ಹುಳಕ್ಕೆ ಬಗ್ಗುವ ಜಾತಿ ಅಲ್ಲ ಇದು" ಎನ್ನುತ್ತಿದ್ದಳು. ಈಗ ತವರಿನಲ್ಲಿ ಯಾರೂ ಬದನೆ ಮಾಡುವುದಿಲ್ಲ. ಆ ಬೀಜ ಉಳಿದಿರುವುದು ನನ್ನ ಕುಡಿಕೆಯಲ್ಲಿ ಮಾತ್ರ, ಮತ್ತು ನಮ್ಮ ಊರಿನ ತೇವಕ್ಕೆ ಬೀಜ ಹೆಚ್ಚು ಕಾಲ ಜೀವ ಹಿಡಿಯುವುದಿಲ್ಲ. ಈ ವರ್ಷ ಬಿತ್ತದಿದ್ದರೆ ಅವ್ವನ ಬದನೆ ಮುಗಿಯಿತು.

ಹಾಗಾಗಿ ನಿನ್ನನ್ನೇ ಕೇಳುತ್ತೇನೆ, ಯೋಚಿಸಿ ಹೇಳು. ನಾನು ಕಳ್ಳಿಯಾ? ಹೌದು ಎಂದಾದರೆ ಕುಡಿಕೆಯನ್ನು ಒಲೆಗೆ ಸುರಿಯುತ್ತೇನೆ. ಕಳ್ಳ ಬೀಜವನ್ನು ಬಿತ್ತಿ ಬೆಳೆಸುವ ದರ್ದು ನನಗಿಲ್ಲ.

ಇಂತಿ,
ಲೋಲಾಕ್ಷಿ
(ಮೊದಲಾದರೆ "ನಿನ್ನ ಲೋಲಾಕ್ಷಿ" ಎಂದು ಬರೆಯುತ್ತಿದ್ದೆ)


ಕುಂಬ್ರ
೨೫ ಸೆಪ್ಟೆಂಬರ್ ೨೦೨೪

ಲೋಲಾಕ್ಷಿ,

ಕಾಗದ ಬಂತು. ಹರಿಯಲಿಲ್ಲ.

ನಿನ್ನ ಹಾಗೆ ಸುತ್ತು ಬಳಸಿ ಬರೆಯಲು ನನಗೆ ಬರುವುದಿಲ್ಲ. ಆದದ್ದು ಇಷ್ಟು. ನಿನ್ನ ಮಾತು ನಂಬಿ ಸಂಘದ ಎಲ್ಲರಿಗೂ ಸಸಿ ಹಂಚಿದ್ದು ನಾನು. ನನ್ನ ಜೀವದ ಗೆಳತಿಯ ಬೀಜ, ಗಂಟು ಕಟ್ಟುವುದಿಲ್ಲ ಎಂದು ಎದೆ ತಟ್ಟಿ ಹೇಳಿದ್ದೂ ನಾನು. ಬೀಫಾತುಮ್ಮ ಬೇರೆ ತರಕಾರಿಯನ್ನೆಲ್ಲ ಬಿಟ್ಟು ಇದನ್ನೇ ನೆಟ್ಟಳು. ಗಿಡ ಮಧ್ಯಾಹ್ನ ಬಾಡುತ್ತಿತ್ತು, ಸಂಜೆ ಏಳುತ್ತಿತ್ತು. ಒಂದು ದಿನ ಏಳಲೇ ಇಲ್ಲ. ಕಿತ್ತರೆ ಬೇರಿಡೀ ಗಂಟು, ಶುಂಠಿಯ ಹಾಗೆ. ಅವಳು ಬಯ್ಯಲಿಲ್ಲ. "ಸೀತಕ್ಕಾ, ನಿಮ್ಮ ದೋಸ್ತಿ ಎಂತ ಕೊಟ್ಟದ್ದು ಇದು?" ಎಂದಳು ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕಣ್ಣಾರೆ ಕಂಡದ್ದನ್ನು ಇಲ್ಲ ಎನ್ನಲಾರೆ. ನಿನ್ನದು ನಿಜವಾದರೆ ಬಿತ್ತು. ನಿನ್ನ ಹಿತ್ತಲಿಗೆ ನೆಡುವ ಸಸಿಯಲ್ಲೇ ಅರ್ಧ ನನಗೆ ಕಳುಹಿಸು. ನನ್ನ ಕೈಯಾರೆ ನೆಡುತ್ತೇನೆ. ಆಮೇಲೆ ನಾನೂ ಮಾತಾಡುವುದು ಬೇಡ, ನೀನೂ ಮಾತಾಡುವುದು ಬೇಡ, ಬೇರು ಮಾತಾಡಲಿ.

ಸೀತು


ಪೈಚಾರು
೨ ನವೆಂಬರ್ ೨೦೨೪

ಸೀತು,

ಈ ಕಾಗದ ಸಸಿಯ ಕಟ್ಟಿನ ಒಟ್ಟಿಗೇ ಬರುತ್ತಿದೆ. ಬಸ್ಸಿನ ಹೊತ್ತನ್ನು ಭವಿತಾ ನಿನಗೆ ಫೋನಿನಲ್ಲಿ ತಿಳಿಸಿರುತ್ತಾಳೆ, ಬೆಳಗ್ಗಿನ ಪುತ್ತೂರು ಬಸ್ಸಿನ ಕಂಡಕ್ಟರಿಗೆ ನಾನು ನಿನ್ನೆಯೇ ಹೇಳಿಟ್ಟೆ. "ಕುಂಬ್ರದಲ್ಲಿ ಒಬ್ಬರು ಕಾಯ್ತಾ ಇರ್ತಾರೆ, ಮುಖ ಗಂಟು ಹಾಕಿಕೊಂಡು ನಿಂತವರು ಯಾರೋ ಅವರಿಗೇ ಕೊಡಿ" ಎಂದೆ. ಅವನು ನಕ್ಕು, "ಗೊತ್ತಾಯ್ತು ಅಕ್ಕಾ, ಸೀತಕ್ಕನಿಗಲ್ವಾ?" ಎಂದ. ನಿನ್ನ ಕೀರ್ತಿ ಬಸ್ಸಿನವರೆಗೂ ಹಬ್ಬಿದೆ.

ಸಸಿ ಪಾಲು ಮಾಡಿದ್ದು ನಾನಲ್ಲ, ಭವಿತಾ. ಅವಳನ್ನು ಪಾತಿಯ ಹತ್ತಿರ ಕೂರಿಸಿ, ಒಂದು ಆಚೆ ಒಂದು ಈಚೆ ಇಡು ಎಂದೆ. ನಾನು ಅಂಗಳದಲ್ಲಿ ಬೆನ್ನು ಹಾಕಿ ನಿಂತಿದ್ದೆ. ಒಳ್ಳೆಯದನ್ನು ಆರಿಸಿಕೊಂಡಳು ಎಂದು ಇನ್ನೊಮ್ಮೆ ಕೇಳುವ ಶಕ್ತಿ ನನಗಿಲ್ಲ.

ನೀರು ಚಿಮುಕಿಸಿ, ಸಂಜೆ ಬಿಸಿಲು ಇಳಿದ ಮೇಲೆ ನೆಡು. ಸಸಿ ಕೊಟ್ಟವರಿಗೆ ಉಪಕಾರ ಹೇಳಬಾರದು, ಹೇಳಿದರೆ ಹಿಡಿಯುವುದಿಲ್ಲ ಎನ್ನುತ್ತಾರೆ. ನೀನು ಹೇಗೂ ಹೇಳುವವಳಲ್ಲ, ಆ ಹೆದರಿಕೆ ಇಲ್ಲ.

ಒಂದು ಮಾತು. ನಿನ್ನ ಮಣ್ಣಿನಲ್ಲೂ ಬೇರು ಬೆಳ್ಳಗೇ ಬಂದರೆ ಸಂಘದವರ ಎದುರೇ ಹೇಳಬೇಕು. ಅಂದದ್ದು ಎಲ್ಲಿಯೋ ಹಿಂದೆ ತೆಗೆದುಕೊಳ್ಳುವುದೂ ಅಲ್ಲಿಯೇ.

ಲೋಲಾಕ್ಷಿ


ಕುಂಬ್ರ
೬ ಜನವರಿ ೨೦೨೫

ಲೋಲಾಕ್ಷಿ,

ನಿನ್ನ ಸಸಿಗಳನ್ನು ಬಹಳ ಜೋಪಾನವಾಗಿ ನೋಡಿಕೊಂಡೆ. ನಂಬದಿದ್ದರೆ ಬಿಡು. ಸೋಲಲಿ ಎಂದೂ ಮನಸ್ಸಿನಲ್ಲಿತ್ತು, ಸೋಲದಿರಲಿ ಎಂದೂ ಇತ್ತು. ಎರಡೂ ಒಟ್ಟಿಗೆ ಹೇಗೆ ಇತ್ತೋ ದೇವರಿಗೇ ಗೊತ್ತು.

ನಿನ್ನೆ ಕಿತ್ತೆ. ಗಂಟು. ಇನ್ನೊಂದು ಕಿತ್ತೆ, ಗಂಟು. ಸಾಲಿಡೀ ಗಂಟು. ನನಗೆ ಸಿಟ್ಟು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. "ಬೇರು ಮಾತಾಡಿತು, ಇನ್ನು ನೀನು ನನ್ನ ಪಾಲಿಗೆ ಇಲ್ಲ" ಎಂದು ಬರೆಯಲು ಪೆನ್ನು ಹಿಡಿದು ಕೂತೂ ಆಗಿತ್ತು. ಆಗ ಸೊಸೆ ತನ್ಮಯೀ ಹಿತ್ತಲಿನಿಂದ ಕೂಗಿದಳು. ಅವಳು ಪುತ್ತೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳಲ್ಲವಾ, ಗಿಡ ಕಂಡರೆ ಬಿಡುವುದಿಲ್ಲ.

"ಮಾಮಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ್ದನ್ನು ಕೀಳ್ಲಿಲ್ವಾ?"

"ಅದರಲ್ಲಿ ಎಂತ ನೋಡ್ಲಿಕ್ಕುಂಟು? ಅದೂ ಹಾಗೇ ಇರುದು" ಎಂದೆ. ಅವಳೇ ಕಿತ್ತು ಬಕೆಟಿನಲ್ಲಿ ಅದ್ದಿ ಎತ್ತಿದಳು. ಲೋಲಾಕ್ಷಿ, ಬೆಳ್ಳಗೆ! ಒಂದು ಗಂಟಿಲ್ಲ. ಅದೇ ಸಾಲಿನ ಕೊನೆಯ ಗಿಡ, ಅದೇ ಮಣ್ಣು, ಅದೇ ಗೊಬ್ಬರ, ನಿನ್ನದೇ ಸಸಿ. ಪಕ್ಕದ ಗಿಡದ ಬೇರು ಶುಂಠಿ, ಇದರ ಬೇರು ನೂಲು. ನನ್ನ ಕೈಯಿಂದ ಪೆನ್ನು ಜಾರಿತು ಎಂದರೆ ನೀನು ನಗುತ್ತೀ, ಆದರೆ ಜಾರಿತು.

ನಾನು, ತನ್ಮಯೀ ಇಬ್ಬರೂ ಸಾಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡಿದೆವು. ನಾನು ಬದನೆಯನ್ನು ಊರಬೆಂಡೆಯ ನಡುವೆ ನೆಡುವವಳು. ಬೆಂಡೆಗೆ ಹಾಕಿದ ನೀರು ಬದನೆಗೂ ಆಗುತ್ತದೆ. ಬೆಂಡೆಗೆ ಎಲೆಯ ರಸ ಹೀರುವ ಹೇನು ಹಿಡಿದಿತ್ತು, ಅದು ಬದನೆ ಎಲೆಯ ಅಡಿಗೂ ದಾಟಿತ್ತು. ಅದಕ್ಕೆ ಉಪಾಯ ಎಂದು ನಾನು ಮಾವಿನ ಮರದಿಂದ ಸಾಲಿನವರೆಗೆ ಬಳ್ಳಿ ಕಟ್ಟಿದ್ದೆ, ಕೆಂಪಿರುವೆ ಇಳಿದು ಬಂದು ಹುಳ ತಿನ್ನಲಿ ಎಂದು. ಕಳೆದ ವರ್ಷವೂ ಕಟ್ಟಿದ್ದೆ. ಸಂಘದವರಿಗೆಲ್ಲ ಕಲಿಸಿಯೂ ಕೊಟ್ಟಿದ್ದೆ. ಇರುವೆ ಬಂದದ್ದೇನೋ ನಿಜ, ಆದರೆ ಅವು ಹೇನನ್ನು ತಿನ್ನುವುದಿಲ್ಲ ಮಾರಾಯ್ತಿ, ಕಾಯುತ್ತವೆ! ಹೇನು ಬಿಡುವ ಸಿಹಿ ನೀರಿಗಾಗಿ ದನ ಕಾಯುವ ಹಾಗೆ ಕಾಯುತ್ತವೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಬೇಲಿ ಕಟ್ಟಿದವಳು ನಾನೇ.

ಬಟ್ಟೆ ಕಲ್ಲಿನ ಹತ್ತಿರದ ಗಿಡಕ್ಕೆ ದಿನಾ ಸಾಬೂನಿನ ನೀರು ಹಾರುತ್ತದೆ. ಅದರ ಎಲೆಯಲ್ಲಿ ಹೇನೂ ಇಲ್ಲ, ಇರುವೆಯೂ ಇಲ್ಲ. ಕೆಳಗೆ ಗಂಟೂ ಇಲ್ಲ.

ಎಲೆಯಲ್ಲಿ ಹೇನು ಕೂತದ್ದಕ್ಕೂ ಬೇರಿನೊಳಗೆ ಹುಳ ಹೊಕ್ಕದ್ದಕ್ಕೂ ಏನೋ ಒಂದು ಉಂಟು ಎನ್ನುತ್ತಾಳೆ ತನ್ಮಯೀ. ನಿನ್ನ ಹತ್ತಿರ ಕೇಳಲು ಹೇಳಿದಳು. ನೀನು ಎಲೆಗೆ ಏನು ಹಾಕುತ್ತೀ?

ಸೀತು


ಪೈಚಾರು
೧೯ ಜನವರಿ ೨೦೨೫

ಸೀತು,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಒಮ್ಮೆ ನಕ್ಕೆ, ಒಮ್ಮೆ ಸಿಟ್ಟು ಬಂತು. ತಲೆಯಲ್ಲಿ ಹೇನಾದರೆ ಕಾಲಿಗೆ ಆಣಿ ಏಳುತ್ತದಾ? ಓದಿದ ಸೊಸೆ, ಏನೋ ಹೇಳುತ್ತಾಳೆ. ನೀನು ಕೇಳುತ್ತೀ.

ಎಲೆಗೆ ಏನು ಹಾಕುತ್ತೀ ಎಂದರೆ ಏನು ಹೇಳಲಿ? ಏನೂ ಹಾಕುವುದಿಲ್ಲ. ಬೂದಿ. ಅದು ಹಾಕುವುದು ಎಂಬ ಲೆಕ್ಕಕ್ಕೇ ಬಾರದ್ದು. ನಮ್ಮಲ್ಲಿ ಬಚ್ಚಲಿನ ಹಂಡೆಗೆ ಇವತ್ತಿಗೂ ಸೌದೆಯೇ. ಬೆಳಗ್ಗೆ ಒಲೆ ಗೋರಿದ ಬೂದಿಯನ್ನು ಇಬ್ಬನಿ ಆರುವ ಮೊದಲು ಬದನೆ ಎಲೆಗೆ ಬೀಸಿ ಬರುವುದು, ಹಲ್ಲುಜ್ಜಿದ ಹಾಗೆ. ಅವ್ವನೂ ಬೀಸುತ್ತಿದ್ದಳು. ಯಾಕೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೂದಿ ಬಿಸಾಡಲು ಒಂದು ಜಾಗ ಎಂದೇ ನಾನು ತಿಳಿದದ್ದು. ನಿನಗೆ ಬೀಜ ಕೊಡುವಾಗ ಅದನ್ನು ಹೇಳಬೇಕು ಎಂದು ಹೊಳೆಯಲೇ ಇಲ್ಲ. ನಿಮ್ಮಲ್ಲಿ ಸಂಪ್ರೀತ್ ಮಾಡಿನ ಮೇಲೆ ಸೋಲಾರ್ ಕೂರಿಸಿದ ಮೇಲೆ ಬೂದಿ ಎಲ್ಲಿಂದ ಬರಬೇಕು?

ಆದರೂ ಒಪ್ಪಲಾರೆ. ನನ್ನ ಅವ್ವನ ಬದನೆ ಹುಟ್ಟಿನಿಂದಲೇ ಗಟ್ಟಿ. ಹೇನಿಗೆ ಹೆದರಿ ಬಾಗಿಲು ತೆರೆಯುವ ಜಾತಿ ಅಲ್ಲ. ನನ್ನ ಮಣ್ಣಿನಲ್ಲೂ ಆ ಹುಳ ಬೇಕಾದಷ್ಟುಂಟು, ಟೊಮೆಟೊ ನೆಟ್ಟರೆ ಒಂದೂ ಉಳಿಯುವುದಿಲ್ಲ. ನಾನೇ ನೋಡುತ್ತೇನೆ. ನಿನ್ನ ಹೇನುಗಳನ್ನು ಕಳುಹಿಸು. ಒಂದು ಸಾಲಿಗೆ ಬೂದಿ ನಿಲ್ಲಿಸಿ ಅವನ್ನು ಬಿಡುತ್ತೇನೆ. ಪಕ್ಕದ ಸಾಲಿಗೆ ಯಾವತ್ತಿನ ಹಾಗೆ ಬೂದಿ. ನನ್ನ ಬೇರು ಬೆಳ್ಳಗಿದ್ದರೆ ನಿನ್ನ ಸೊಸೆಯ ಮಾತು ಸುಳ್ಳು.

ಭವಿತಾ ಬೇಡ ಎನ್ನುತ್ತಾಳೆ. "ಅಮ್ಮಾ, ಚಂದ ಇರುವ ಗಿಡಕ್ಕೆ ಯಾರಾದ್ರೂ ಹೇನು ತಂದು ಬಿಡ್ತಾರಾ?" ಅಂತೆ. ಬಿಡುತ್ತಾರೆ. ಕಳ್ಳಿ ಎನ್ನಿಸಿಕೊಂಡವರು ಬಿಡುತ್ತಾರೆ.

ಲೋಲಾಕ್ಷಿ


ಕುಂಬ್ರ
೩ ಫೆಬ್ರವರಿ ೨೦೨೫

ಲೋಲಾಕ್ಷಿ,

ಹೇನು ಕಳುಹಿಸಿದ್ದೇನೆ. ಟಿಫಿನ್ ಡಬ್ಬಿಯಲ್ಲಿ ಬೆಂಡೆ ಎಲೆ, ಮೇಲೆ ತೆಳು ಬಟ್ಟೆ ಕಟ್ಟಿದ್ದೇನೆ. "ಎಂತ ಸೀತಕ್ಕ, ಸುಳ್ಯಕ್ಕೆ ಊಟವಾ?" ಎಂದ ಕಂಡಕ್ಟರ್. "ಹೇನು" ಎಂದೆ. ಅವನು ಡಬ್ಬಿಯನ್ನು ಡ್ರೈವರನ ಹಿಂದೆ ಇಟ್ಟು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಈಗ ನಾನು ಕಂಡದ್ದನ್ನು ಹೇಳಬೇಕು. ಸಿಟ್ಟನ್ನೆಲ್ಲ ಸ್ವಲ್ಪ ಹೊತ್ತು ಆಚೆ ಇಟ್ಟು ಓದು. ಯಾರಿಗಾದರೂ ಹೇಳದಿದ್ದರೆ ನನ್ನ ಎದೆ ಒಡೆದೀತು, ಮತ್ತು ಹೇಳಬೇಕು ಎಂದಾಗ ನೆನಪಾದದ್ದು ನೀನೇ.

ಶನಿವಾರ ತನ್ಮಯೀ ನನ್ನನ್ನು ಕಾಲೇಜಿಗೆ ಕರೆದುಕೊಂಡು ಹೋದಳು. ಒಂದು ಗಂಟನ್ನು ಬ್ಲೇಡಿನಲ್ಲಿ ಸೀಳಿ ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನ ಅಡಿಗೆ ಸರಿಸಿ, "ಕಣ್ಣಿಡಿ ಮಾಮಿ" ಎಂದಳು. ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ, ದೇವೆರೇ! ಒಂದು ಮುತ್ತು. ಬೇರಿನೊಳಗೆ, ಆ ಕತ್ತಲಿನಲ್ಲಿ, ಹೊಳೆಯುವ ಬಿಳಿ ಮುತ್ತು. ಅದೇ ಹೆಣ್ಣು ಹುಳವಂತೆ. ಮರಿಯಾಗಿರುವಾಗ ಕೂದಲಿಗಿಂತ ತೆಳ್ಳಗೆ ಮಣ್ಣಿನ ನೀರಿನಲ್ಲಿ ಈಜಿಕೊಂಡು ಬಂ‌ದು, ಬೇರಿನೊಳಗೆ ನುಗ್ಗಿ, ಒಂದು ಜಾಗ ಹಿಡಿದು ಬಾಯಿ ಇಡುತ್ತದೆ. ಆಮೇಲೆ ಸಾಯುವವರೆಗೆ ಏಳುವುದಿಲ್ಲ. ಉಬ್ಬಿ ಉಬ್ಬಿ ಮುತ್ತಾಗುತ್ತದೆ. ನಾನು ಇಷ್ಟು ಕಾಲ ಶಪಿಸುತ್ತಿದ್ದದ್ದು ಇದನ್ನು. ಚಂದ ಉಂಟು ಮಾರಾಯ್ತಿ. ಹೇಳಲು ನಾಚಿಕೆ, ಆದರೂ ಚಂದ.

ಇನ್ನೂ ಕೇಳು. ಅದಕ್ಕೆ ಊಟ ಹಾಕುವುದು ಗಿಡವೇ! ಹುಳ ಬಾಯಿ ಇಟ್ಟ ಜಾಗದಲ್ಲಿ ಗಿಡ ತನ್ನ ಜೀವಕೋಶಗಳನ್ನೇ ದೊಡ್ಡ ದೊಡ್ಡದು ಮಾಡಿ ಬಾಣಂತಿಗೆ ಬಡಿಸಿದ ಹಾಗೆ ಬಡಿಸುತ್ತದಂತೆ. ಹುಳ ಏನೋ ಮಂಕುಬೂದಿ ಎರಚಿ ಹಾಗೆ ಮಾಡಿಸುತ್ತದೆ. ಆ ಊಟದ ಮನೆಯೇ ನಾವು ಕಾಣುವ ಗಂಟು. ಎದುರು ನಿಲ್ಲುವ ಗಿಡ ಹಾಗೆ ಮಾಡುವುದಿಲ್ಲ. ಬಟ್ಟೆ ಕಲ್ಲಿನ ಹತ್ತಿರದ ಗಿಡದ ಬೇರನ್ನೂ ತೋರಿಸಿದಳು. ಅದರಲ್ಲಿ ಸಣ್ಣ ಸಣ್ಣ ಕಂದು ಚುಕ್ಕೆ. "ಇದೆಂತ?" ಎಂದೆ. "ಇಲ್ಲಿ ಹುಳ ಬಂದಿತ್ತು ಮಾಮಿ. ಅದು ಬಾಯಿ ಇಟ್ಟ ಕೂಡಲೇ ಸುತ್ತಿನ ಜೀವಕೋಶಗಳು ತಾವೇ ಸತ್ತದ್ದು. ಅದಕ್ಕೆ ತಿನ್ಲಿಕ್ಕೆ ಎಂತದೂ ಸಿಗ್ಲಿಲ್ಲ" ಎಂದಳು.

ತಾವೇ ಸತ್ತದ್ದು. ಕೇಳಿದೆಯಾ ಲೋಲಾಕ್ಷಿ? ಒಂದು ಬದನೆ ಗಿಡ. ನಾವು ಪಲ್ಯಕ್ಕೆ ಕೊಯ್ಯುವ ಬದನೆ ಗಿಡ. ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಹೇನನ್ನೂ ತೋರಿಸಿದಳು. ಎಲೆಗೆ ಸೂಜಿ ಚುಚ್ಚಿಕೊಂಡು ಹೀರುತ್ತಾ ಇತ್ತು, ಹೀರುತ್ತಿದ್ದ ಹಾಗೆಯೇ ಹೆತ್ತಿತು. ಮೊಟ್ಟೆ ಅಲ್ಲ, ಜೀವ ಇರುವ ಮರಿ, ಕಾಲಾಡಿಸುತ್ತಾ. ಗಂಡಿನ ಹಂಗೂ ಬೇಡವಂತೆ. ಹೊಟ್ಟೆಯೊಳಗೆ ಮಗಳು, ಆ ಮಗಳ ಹೊಟ್ಟೆಯೊಳಗೆ ಆಗಲೇ ಮೊಮ್ಮಗಳು. ನಾವಿಬ್ಬರು ಒಂದೊಂದು ಹೆರಲು ಎಷ್ಟು ಬೊಬ್ಬೆ ಹೊಡೆದಿದ್ದೆವು!

"ಮೇಲೆ ಇದು ಹೀರಿದ್ರೆ ಕೆಳಗೆ ಬೇರಿಗೆ ಹೇಗೆ ಗೊತ್ತಾಗುದು?" ಎಂದು ಕೇಳಿದೆ.

"ಗಿಡದ ಒಳಗೆ ಸುದ್ದಿ ಓಡಾಡ್ತಾ ಇರ್ತದೆ ಮಾಮಿ, ಎಲೆಯಿಂದ ಬೇರಿಗೆ, ಬೇರಿಂದ ಎಲೆಗೆ. ಕಡಿಯುವ ಹುಳ ಬಂದ್ರೆ ಒಂದು ನಮೂನೆ ರಸ, ಹೀರುವ ಹುಳ ಬಂದ್ರೆ ಇನ್ನೊಂದು ನಮೂನೆ. ಒಂದು ಏರಿದ್ರೆ ಇನ್ನೊಂದು ಇಳಿಯುದೂ ಉಂಟು, ಇಳಿದದ್ದು ಬೇರನ್ನು ಕಾಯುವ ರಸವಾದ್ರೆ ಹುಳಕ್ಕೆ ಬಾಗಿಲು ತೆರೆದ ಹಾಗೆ. ಎಲ್ಲ ಗಿಡದಲ್ಲೂ ಹೀಗೇ ಅಂತ ಹೇಳ್ಲಿಕ್ಕಾಗುದಿಲ್ಲ. ಕೆಲವು ಸಲ ಎಲೆ ಕಡಿಸಿಕೊಂಡ ಗಿಡದ ಬೇರು ಇನ್ನೂ ಗಟ್ಟಿ ಆಗ್ತದೆ. ಈ ಬದನೆಯಲ್ಲಿ ಎಂತ ಆಗ್ತಾ ಉಂಟೋ, ನೋಡಿಯೇ ತಿಳ್ಕೊಳ್ಬೇಕು" ಎಂದಳು. ಅವಳಿಗೂ ಪೂರ್ತಿ ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳುವಾಗ ಅವಳ ಮುಖದಲ್ಲಿ ಎಷ್ಟು ಸಂತೋಷ ಎಂದರೆ, ನನಗೆ ಆ ಹುಡುಗಿಯ ಮೇಲೆ ಪ್ರೀತಿ ಉಕ್ಕಿತು.

ಈಗ ಹಿತ್ತಲಿಗೆ ಕಾಲಿಡುವಾಗ ಮೆಲ್ಲಗೆ ಇಡುತ್ತೇನೆ. ಕೆಳಗೆ ಏನೇನು ನಡೆಯುತ್ತಿದೆಯೋ.

ಸೀತು


ಪೈಚಾರು
೨೦ ಮಾರ್ಚ್ ೨೦೨೫

ಸೀತು,

ನೀನು ಗೆದ್ದೆ.

ನಿನ್ನ ಹೇನುಗಳನ್ನು ನಾನೇ ಕೈಯಾರೆ ಒಂದು ಸಾಲಿನ ಎಲೆಗಳ ಅಡಿಗೆ ಅಂಟಿಸಿದೆ. ಬೂದಿ ನಿಲ್ಲಿಸಿದೆ. ಬೆಳಗ್ಗೆ ಬೂದಿ ಹಿಡಿದು ಹೋದ ಕೈ ಆ ಸಾಲಿನ ಹತ್ತಿರ ತಾನಾಗಿಯೇ ಏಳುತ್ತಿತ್ತು. ತಡೆದು ಹಿಡಿದೆ. ಕೆಲವೇ ದಿನಗಳಲ್ಲಿ ಎಲೆ ಅಂಟಂಟು. ಇರುವೆಗೆ ಬಳ್ಳಿಯ ಸೇತುವೆ ಏನೂ ಬೇಕಾಗಲಿಲ್ಲ, ಅವಕ್ಕೆ ಯಾರು ಕಾಗದ ಬರೆದರೋ, ದಾರಿ ಹುಡುಕಿಕೊಂಡು ಬಂದವು.

ನಿನ್ನೆ ಕಿತ್ತೆ. ಬೂದಿ ಬೀಸಿದ ಸಾಲಿನ ಗಿಡದ ಬೇರು ಬೆಳ್ಳಗೆ, ಯಾವತ್ತಿನ ಹಾಗೆ. ಹೇನು ಬಿಟ್ಟ ಸಾಲಿನದು ಕೈಗೆ ಬರುವಾಗಲೇ ಗೊತ್ತಾಯಿತು. ತೊಳೆಯಲಿಲ್ಲ. ಬೆರಳಿಗೆ ತಾಗಿತು, ಗಂಟು, ಗಂಟು, ಗಂಟು. ನನ್ನ ಮನೆಯ ಅವ್ವನ ಬದನೆಯಲ್ಲಿ ನಾನು ಇದನ್ನು ಯಾವತ್ತೂ ಮುಟ್ಟಿದವಳಲ್ಲ. ಅಲ್ಲೇ ಮಣ್ಣಿನಲ್ಲಿ ಕೂತು ಅತ್ತುಬಿಟ್ಟೆ ಸೀತು. ಭವಿತಾ ಹೆದರಿ ಓಡಿ ಬಂದಳು.

ಬೆರಗಾಗುವುದಿಲ್ಲ ಎನ್ನಲಾರೆ. ಒಂದೇ ತಾಯಿಯ ಬೀಜ, ಒಂದೇ ಮಣ್ಣು, ನಡುವೆ ಎರಡು ಮೊಳವೂ ಇಲ್ಲ. ಎಲೆಯಲ್ಲಿ ಕೂತ ಸಾಸಿವೆ ಕಾಳಿನಷ್ಟೂ ಇಲ್ಲದ ಒಂದು ಜೀವ ಮಣ್ಣಿನ ಆಳದ ಬಾಗಿಲಿನ ಅಗುಳಿ ತೆಗೆಯುತ್ತದೆ. ಎಂಥ ಸೃಷ್ಟಿ ಇದು! ಎರಡು ಗಿಡವನ್ನೂ ಜಗಲಿಯಲ್ಲಿ ಪಕ್ಕಪಕ್ಕ ಇಟ್ಟು ನೋಡುತ್ತಲೇ ಇದ್ದೆ. ನಿನ್ನ ಮುತ್ತನ್ನೂ ನೋಡಬೇಕು ಎನ್ನಿಸಿತು.

ಆದರೆ ಅವ್ವ? "ಮಣ್ಣಿನ ಹುಳಕ್ಕೆ ಬಗ್ಗುವ ಜಾತಿ ಅಲ್ಲ" ಎಂದಳಲ್ಲ. ಅವಳು ಸುಳ್ಳು ಹೇಳುವವಳಲ್ಲ, ಅವಳಿಗೆ ಗೊತ್ತಿರಲಿಲ್ಲ. ಕಾಯುತ್ತಿದ್ದದ್ದು ಬೂದಿ, ಹೆಸರು ಬೀಜಕ್ಕೆ. ನಾನು ಅದೇ ಹೆಸರನ್ನು ತಲೆಯ ಮೇಲೆ ಹೊತ್ತು ಊರಿಗೆಲ್ಲ ಸಾರಿದೆ. ಬೀಜದಲ್ಲಿ ಏನೂ ಇಲ್ಲ ಎಂದ ಮೇಲೆ ನೀನು ಅಂದದ್ದರಲ್ಲಿ ತಪ್ಪೇನು? ಕಳ್ಳಿ ಅಲ್ಲದಿದ್ದರೂ ಸುಳ್ಳಿ ಆದೆ.

ಬೂದಿ ಬೀಸುವುದಾದರೆ ಯಾವ ಬದನೆಯಾದರೂ ಆದೀತು. ಕುಡಿಕೆಯನ್ನು ಖಾಲಿ ಮಾಡಿಬಿಡುತ್ತೇನೆ. ಇನ್ನು ಬಿತ್ತುವುದಿಲ್ಲ.

ಲೋಲಾಕ್ಷಿ


ಕುಂಬ್ರ
೨೪ ಮಾರ್ಚ್ ೨೦೨೫

ಲೋಲಾಕ್ಷಿ,

ಕುಡಿಕೆಗೆ ಕೈ ಹಾಕಿದರೆ ನೋಡು. ಮೊದಲು ನಾನು ಹೇಳುವುದನ್ನು ಕೇಳು.

ನಿನಗೆ ಸಿಟ್ಟು ಬಂದರೂ ತಲೆ ಓಡುವುದಿಲ್ಲ, ದುಃಖ ಬಂದರೂ ಓಡುವುದಿಲ್ಲ. ಬೂದಿ ಹಾಕಿದರೆ ಯಾವ ಬದನೆಯಾದರೂ ಆದೀತು ಎಂದೆಯಲ್ಲ, ಹಾಕಿ ನೋಡಿದ್ದೀಯಾ?

ಜನವರಿಯಲ್ಲಿ ಕಿತ್ತ ಗಂಟಿನ ಗಿಡಗಳಲ್ಲಿ ಒಂದರಲ್ಲಿ ಒಂದೇ ಒಂದು ಬದನೆ ಹಳದಿಯಾಗಿ ಹಣ್ಣಾಗಿತ್ತು. ಉಳಿದದ್ದನ್ನೆಲ್ಲ ಸುಟ್ಟೆ, ಅದನ್ನು ಸುಡಲು ಕೈ ಬರಲಿಲ್ಲ. ಬೀಜ ತೆಗೆದು ಒಣಗಿಸಿ ಬಿತ್ತಿದ್ದೆ. ನಿನಗೆ ಹೇಳಲಿಲ್ಲ. ಈಗ ಆ ಸಸಿ ನೆಡುವ ಹಾಗಾಗಿದೆ. ಗಂಟು ಕಟ್ಟಿದ ತಾಯಿಯ ಮಕ್ಕಳು ಇವು. ನಾಳೆ ನೆಡುತ್ತೇನೆ, ತಾಯಿ ಸತ್ತ ಅದೇ ಸಾಲಿನಲ್ಲಿ. ಪಕ್ಕದಲ್ಲೇ ಪೇಟೆಯ ಬದನೆ ಸಸಿಯನ್ನೂ ನೆಡುತ್ತೇನೆ. ಎರಡಕ್ಕೂ ಬೂದಿ. ಬೆಂಡೆ ಇಲ್ಲ, ಇರುವೆಯ ಬಳ್ಳಿ ಇಲ್ಲ. ಬೂದಿಯನ್ನು ಬೀಫಾತುಮ್ಮ ಕೊಡುತ್ತಾಳೆ, ಅವಳಲ್ಲಿ ಇನ್ನೂ ಸೌದೆ ಒಲೆ. "ಸೀತಕ್ಕಾ, ಈಗ ಬೂದಿಗೂ ಬಂತಾ ಕಾಲ?" ಎಂದು ನಗುತ್ತಾಳೆ.

ಬೀಜದಲ್ಲಿ ಏನೂ ಇಲ್ಲದಿದ್ದರೆ ಎರಡೂ ಒಂದೇ ಹಾಗೆ ಸಾಯಲಿ. ಮಳೆಗೆ ಮೊದಲು ಕೀಳುತ್ತೇನೆ. ಅಲ್ಲಿಯವರೆಗೆ ಸುಮ್ಮನಿರು.

ಸೀತು


ಪೈಚಾರು
೨ ಏಪ್ರಿಲ್ ೨೦೨೫

ಸೀತು,

ಆಗಲಿ. ಕುಡಿಕೆ ಅಟ್ಟದಲ್ಲೇ ಉಂಟು.

ನನಗೆ ಹೆದರಿಕೆಯಾಗುತ್ತದೆ. ಫಲಿತಾಂಶ ಕೆಟ್ಟದಾದರೆ ಬರೆಯಬೇಡ, ಒಂದು ಖಾಲಿ ಕವರ್ ಹಾಕು, ಸಾಕು.

ನಿನ್ನ
ಲೋಲಾಕ್ಷಿ


ಕುಂಬ್ರ
೨೧ ಮೇ ೨೦೨೫, ಬೆಳಗ್ಗೆ

ಲೋಲಾಕ್ಷಿ,

ಖಾಲಿ ಕವರ್ ಅಲ್ಲ, ನೋಡಿದೆಯಲ್ಲ.

ನಿನ್ನೆ ಸಂಘದ ಎಲ್ಲರನ್ನೂ ನಮ್ಮ ಹಿತ್ತಲಿಗೆ ಕರೆದೆ. ಒಬ್ಬಳೇ ಕೀಳಲು ಧೈರ್ಯ ಸಾಲಲಿಲ್ಲ ಎಂದೂ ಹೇಳಬಹುದು. ಮೊದಲು ಪೇಟೆಯ ಬದನೆ ಕಿತ್ತೆ. ಎಲೆಯಲ್ಲಿ ಒಂದು ಹೇನಿಲ್ಲ, ದಿನಾ ಬೂದಿ ಬಿದ್ದದ್ದೇ, ಆದರೂ ಬೇರು ಶುಂಠಿ. ಆಮೇಲೆ ನಿನ್ನ ಅವ್ವನದು. ಬೀಫಾತುಮ್ಮನ ಹತ್ತಿರ "ನೀನೇ ಕೀಳು" ಎಂದೆ. ಅವಳು ಬಿಸ್ಮಿಲ್ಲಾ ಎಂದು ಎಳೆದಳು. ಬಕೆಟಿನಲ್ಲಿ ಅದ್ದಿದಳು. ಎತ್ತಿದಳು.

ನೀರು ತೊಟ್ಟಿಕ್ಕುತ್ತಿತ್ತು. ಬಿಳಿ ಬೇರು, ಬಿಸಿಲು ಬಿದ್ದು ಹೊಳೆಯುತ್ತಿತ್ತು. ಒಬ್ಬೊಬ್ಬರೇ ಬಂದು ಮುಟ್ಟಿ ನೋಡಿದರು, ತೊಟ್ಟಿಲಿನ ಮಗುವನ್ನು ಮುಟ್ಟುವ ಹಾಗೆ. "ಇದರ ತಾಯಿ ಗಂಟಾಗಿ ಸತ್ತದ್ದಲ್ವಾ ಸೀತಕ್ಕಾ?" ಎಂದಳು ಬೀಫಾತುಮ್ಮ. ಹೌದು. ಆ ತಾಯಿಗೆ ಅಂಥ ಗತಿ ಬಂದರೂ ಮಗಳಿಗೆ ಕೊಡುವುದನ್ನು ಪೂರ್ತಿ ಕೊಟ್ಟೇ ಸತ್ತಿದೆ. ಮೇಲಿನಿಂದ ಹೀರುವವರು ಹೀರುತ್ತಿದ್ದರು, ಕೆಳಗಿನಿಂದ ತಿನ್ನುವವರು ತಿನ್ನುತ್ತಿದ್ದರು, ಆ ಒಂದು ಹಣ್ಣಿನೊಳಗೆ ಮಾತ್ರ ಯಾರನ್ನೂ ಬಿಡಲಿಲ್ಲ. ನಿನ್ನ ಅವ್ವ ಹೇಳಿದ್ದು ನಿಜ. ಬೂದಿ ಎಲೆಯನ್ನು ಕಾದದ್ದು ಅಷ್ಟೇ, ಬೇರನ್ನು ಕಾದದ್ದು ಬೀಜವೇ. ತನ್ಮಯೀ ಎರಡು ಬೇರನ್ನೂ ಹಿಡಿದು ಎಲ್ಲರಿಗೂ ವಿವರಿಸಿದಳು.

ಆಗ ನಾನು ಎದ್ದು ನಿಂತು ಅವರೆಲ್ಲರ ಎದುರು ಹೇಳಿದೆ. ಎಲ್ಲಿ ಅಂದಿದ್ದೆನೋ ಅಲ್ಲಿಯೇ ಹಿಂದೆ ತೆಗೆದುಕೊಂಡೆ. ಇರುವೆಗೆ ಬಳ್ಳಿ ಕಟ್ಟಲು ಕಲಿಸಿದವಳು ನಾನು, ನಿಮ್ಮ ಗಿಡ ಸತ್ತದ್ದು ನನ್ನ ಬುದ್ಧಿಯಿಂದ, ಲೋಲಾಕ್ಷಿಯ ಬೀಜದಿಂದ ಅಲ್ಲ ಎಂದೆ.

ಅವರಿಗೆ ಹೇಳಿದ್ದು ಸುಲಭ. ನಿನಗೆ ಹೇಳುವುದು ಕಷ್ಟ. ನೀನು ಕಳ್ಳಿ ಅಲ್ಲ, ಸುಳ್ಳಿಯೂ ಅಲ್ಲ. ಒಂದೂಕಾಲು ವರ್ಷ ನಾನು ನಿನಗೆ ಮಾಡಿದ್ದು ಅನ್ಯಾಯ. ನೀನಿಲ್ಲದೆ ನನಗೆ ಆಗುವುದಿಲ್ಲ. ತಪ್ಪಾಯಿತು ಲೋಲಾಕ್ಷಿ, ಕ್ಷಮಿಸು.

ನಿನ್ನ ಮುಖ ನೋಡಿಕೊಂಡು ಇದನ್ನು ಹೇಳಲು ನನ್ನಿಂದ ಸಾಧ್ಯವೇ ಇಲ್ಲ. ಹಾಗಾಗಿ ಈ ಕಾಗದವನ್ನು ಈಗ ಅಂಚೆ ಡಬ್ಬಿಗೆ ಹಾಕಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಈ ಗಿಡವನ್ನು ಹಿಡಿದುಕೊಂಡು, ಸುಳ್ಯದ ಬಸ್ಸು ಹತ್ತುತ್ತೇನೆ. ನಾನು ನಿನ್ನ ಮನೆಯಲ್ಲಿ ಕೂತಿರುವಾಗ ಇದು ಇನ್ನೂ ದಾರಿಯಲ್ಲಿರುತ್ತದೆ. ಬಂದವಳು ಇದನ್ನೆಲ್ಲ ಬಾಯಿಬಿಟ್ಟು ಹೇಳಿರುವುದಿಲ್ಲ. ನೀನು ಬೇರು ನೋಡಿ, ಚಹಾ ಕೊಟ್ಟು, ಬೈಯುವುದಿದ್ದರೆ ಬೈದೂ ಆಗಿರುತ್ತದೆ. ನಾನು ವಾಪಸು ಹೊರಟ ಮೇಲೆ ಅಂಚೆಯವನು ಬರುತ್ತಾನೆ.

ನಿನ್ನ
ಸೀತು